ಉದ್ದಕ್ಕೆ ಉಕ್ಕು, ಅಡ್ಡಕ್ಕೆ ಹಪ್ಪಳ

"ಮಾಮೂಲಿ ಪ್ಲಾಸ್ಟಿಕ್‌ಗೆ ಸ್ವಲ್ಪ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್, ಅಂದರೆ ಎಲ್‌ಸಿಪಿ, ಬೆರೆಸಿದರೆ ಸಾಕು, ಭಾರೀ ಗಟ್ಟಿಯಾಗುತ್ತೆ!" ಇಂಜಿನಿಯರಿಂಗ್ ಓದುತ್ತಿರೋ ಚಿಕ್ಕಮ್ಮನ ಮಗ ಮೊನ್ನೆ ತೋರಿಸಿದ ಪ್ರಾಜೆಕ್ಟ್ ರಿಪೋರ್ಟ್‌ನ ಸಾರಾಂಶ ಇಷ್ಟೇ. ಓದಿ ಸಿಟ್ಟು ಬಂತು... ಅವನ ಮೇಲಲ್ಲ, ನನ್ನ ಮೇಲೆ.

ಪೂರ್ತಿ ಸುಳ್ಳು ಅಂತಲ್ಲ, ಅರ್ಧ ಸತ್ಯ. ಎಲ್‌ಸಿಪಿಯ ಅಣುಗಳು ಕಡ್ಡಿಯ ಹಾಗೆ ಸೆಟೆದುಕೊಂಡಿರುತ್ತವೆ. ಕರಗಿದಾಗಲೂ ಸಾಲಾಗಿಯೇ ನಿಲ್ಲುತ್ತವೆ. ಬೇರೆ ಪ್ಲಾಸ್ಟಿಕ್ ಜೊತೆ ಕರಗಿಸಿ ಅಚ್ಚಿಗೆ ರಭಸದಿಂದ ನುಗ್ಗಿಸಿದರೆ ಅದರ ಹನಿಗಳು ಎಳೆದುಕೊಂಡು ಸಣ್ಣ ನಾರುಗಳಾಗುತ್ತವೆ. ಗಾಜಿನ ನಾರು ಹಾಕದೆಯೇ ಬಲ! 1987ರಲ್ಲಿ ಗ್ಯಾಬೊರ್ ಕಿಸ್ ಇಂಥ ಮಿಶ್ರಣವನ್ನು 'ಇನ್ ಸಿಟು ಕಾಂಪೋಸಿಟ್' ಅಂತ ಕರೆದ ಮೇಲೆ ಪೇಪರುಗಳ ಸುರಿಮಳೆ.

ಆದರೆ ಸ್ವಾಮಿ, ಅದೇ ತುಂಡನ್ನು ಅಡ್ಡಕ್ಕೆ ಎಳೆದು ನೋಡಿದ್ದೀರಾ? ನಾರೆಲ್ಲ ಹರಿವಿನ ದಿಕ್ಕಿಗೇ ಮಲಗಿರುತ್ತೆ. ಅಡ್ಡಕ್ಕೆ ಹಿಡಿದುಕೊಳ್ಳೋಕೆ ಏನಿದೆ? ಸಾಲದ್ದಕ್ಕೆ ಹೆಚ್ಚಿನ ಪ್ಲಾಸ್ಟಿಕ್‌ಗಳಿಗೂ ಎಲ್‌ಸಿಪಿಗೂ ಎಣ್ಣೆ-ಸೀಗೆಕಾಯಿ ಸಂಬಂಧ, ಒಂದಕ್ಕೊಂದು ಸರಿಯಾಗಿ ಅಂಟಲ್ಲ. ಅಚ್ಚಿನೊಳಗೆ ಎರಡು ಹರಿವುಗಳು ಎದುರುಬದುರಾಗಿ ಸೇರುವ ವೆಲ್ಡ್ ಲೈನ್ ಕಥೆಯಂತೂ ಕೇಳಲೇಬೇಡಿ. ಇನ್ನು ಶಾಖ: ಪಾಲಿಪ್ರೊಪಿಲೀನ್ ಕರಗೋದು ಸುಮಾರು 165 ಡಿಗ್ರಿಗೆ, ವೆಕ್ಟ್ರಾ ಎ950 ಅನ್ನೋ ಎಲ್‌ಸಿಪಿ ಸುಮಾರು 280 ಡಿಗ್ರಿಗೆ. ಇದನ್ನು ಕರಗಿಸೋಕೆ ಹೋದರೆ ಅದು ಕೆಡೋ ಭಯ.

ಈಗ ನನ್ನ ಮೇಲಿನ ಸಿಟ್ಟಿಗೆ ಕಾರಣ. ಫೈನಲ್ ಇಯರ್‌ನಲ್ಲಿ ನಮ್ಮ ಪ್ರಾಜೆಕ್ಟೂ ಇದೇ. ಅಡ್ಡಕ್ಕೂ ಟೆಸ್ಟ್ ಮಾಡಿದ್ವಿ. ಹಪ್ಪಳದ ಹಾಗೆ ಪಟ್ ಅಂತ ಮುರೀತು. "ಆ ಟೇಬಲ್ ಬೇಡ ಬಿಡ್ರಪ್ಪಾ" ಅಂದ್ರು ಗೈಡು. ನಾವು ಬಿಟ್ವಿ. ಒಳ್ಳೇ ಮಾರ್ಕ್ಸ್ ಬಂತು. ಆ ರಿಪೋರ್ಟ್ ಮೇಲೆ ನನ್ನ ಹೆಸರು ಈಗಲೂ ಇದೆ. ಇವತ್ತು ಸಾಫ್ಟ್‌ವೇರ್ ಕೆಲಸದಲ್ಲಿ ಫೇಲಾದ ಟೆಸ್ಟನ್ನು ಅಳಿಸಿ, ಪಾಸಾದದ್ದನ್ನಷ್ಟೇ ತೋರಿಸಿದರೆ ಅದಕ್ಕೆ ಮೋಸ ಅಂತಾರೆ. ಅವತ್ತು ಅದಕ್ಕೆ ಡಿಗ್ರಿ ಕೊಟ್ರು!

ಎಲ್‌ಸಿಪಿ ಬೆರೆಸೋದೇ ತಪ್ಪು ಅಂತಿಲ್ಲ. ಸ್ವಲ್ಪ ಹಾಕಿದರೂ ಎಷ್ಟೋ ಸಲ ಮಿಶ್ರಣ ಸಲೀಸಾಗಿ ಹರಿಯುತ್ತೆ, ತೆಳು ಅಚ್ಚುಗಳಿಗೆ ಅದೇ ದೊಡ್ಡ ಲಾಭ. ಒಂದೇ ದಿಕ್ಕಿಗೆ ಎಳೆಯೋ ದಾರಕ್ಕೂ ಸರಿಯೇ. ಅಷ್ಟನ್ನೇ ಹೇಳಿ. ಒಂದು ದಿಕ್ಕಿನ ನಂಬರ್ ಹಿಡಿದು ಎಲ್ಲಾ ದಿಕ್ಕಿಗೂ ಡಂಗುರ ಹೊಡೀಬೇಡಿ.

ತಮ್ಮನಿಗೆ ಹೇಳಿದ್ದೂ ಇದನ್ನೇ: "ಅಡ್ಡಕ್ಕೂ ಎಳೆದು ನೋಡು ಕಣೋ. ಏನು ಬರುತ್ತೋ ಅದನ್ನೇ ಬರಿ. ಮಾರ್ಕ್ಸ್ ಕಮ್ಮಿ ಆದ್ರೆ ಆಗ್ಲಿ."

ಏನಂತೀರಿ?