ಗತ್ತು ನೋಡಿ ಟೈರ್ ಕೊಳ್ಳಬೇಡಿ

ಅಪ್ಪನ ಪಿಕಪ್‌ಗೆ ಟೈರ್ ಬದಲಿಸಬೇಕು. ‘ಆಲ್ ಟೆರೇನ್ ಹಾಕ್ಸು ಮಾರಾಯ, ಗಾಡಿಗೆ ಗತ್ತು ಬರ್ತದೆ’ ಎನ್ನುತ್ತಾರೆ ಗೆಳೆಯರು. ಆದರೆ ಗತ್ತು ಸಾಲದ ಕಂತು ಕಟ್ಟುವುದಿಲ್ಲ. ಮೆಕ್ಯಾನಿಕಲ್ ಓದುವ ನಾನು ಮೊದಲು ನೋಡುವುದು ಲೋಡ್ ಇಂಡೆಕ್ಸ್. 100 ಎಂದಿದ್ದರೆ ಒಂದು ಟೈರ್ 800 ಕೆ.ಜಿ. ಹೊರಬಲ್ಲದು. ವಾಹನ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಬೇಡವೇ ಬೇಡ. ಆಮೇಲೆ ತಯಾರಿಕೆಯ ನಾಲ್ಕಂಕಿ: 2324 ಎಂದರೆ 2024ರ 23ನೇ ವಾರ.

ಕೆಸರು, ಕಲ್ಲಿನ ದಾರಿಯೇ ಹೆಚ್ಚಿದ್ದರೆ ಆಲ್ ಟೆರೇನ್ ಸರಿ. ಡಾಂಬರು ರಸ್ತೆಯಲ್ಲಿ ಅದರ ಸದ್ದೂ ಜಾಸ್ತಿ, ಡೀಸೆಲ್ ಖರ್ಚೂ ಜಾಸ್ತಿ. ನಮ್ಮ ಗಾಡಿ ತೋಟದೊಳಗೆ ಓಡುವುದು ಅರ್ಧ ಕಿಲೋಮೀಟರ್, ಅಡಿಕೆ ಮಂಡಿಗೆ ನಲವತ್ತು. ಹಾಗಾಗಿ ನನ್ನ ಮತ ಹೈವೇ ಟೈರ್‌ಗೆ. ಉಳಿದ ಹಣ ಮುಂದಿನ ಜೋಡಿಗಿರಲಿ. ಸವೆದು 1.6 ಮಿ.ಮೀ.ಗೆ ಇಳಿದ ಟೈರ್‌ನಲ್ಲಿ ಮಳೆಗಾಲದ ಘಾಟಿ ಇಳಿಯುವುದು ಯಾರಿಗೂ ಬೇಡ.