ಐದನೇ ತಿಂಗಳ ಹಾಲುಕಷಾಯ

ತಿರುವನಂತಪುರದ ಕಿಳಕ್ಕೇಕೋಟೆಯಿಂದ ಕಿಳ್ಳಿಪ್ಪಾಲದ ಕಡೆಗೆ ಹೊರಟರೆ ಇಕ್ಕೆಲಕ್ಕೂ ಹಬ್ಬಿರುವುದು ಚಾಲೈ ಪೇಟೆ. ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು 18ನೇ ಶತಮಾನದ ಕೊನೆಯಲ್ಲಿ ಕಟ್ಟಿ ಬೆಳೆಸಿದ ಪೇಟೆ. ಬಾಳೆಗೊನೆ, ಹುಣಸೆ, ಹಿತ್ತಾಳೆ ದೀಪ, ಮಲ್ಲಿಗೆಮೊಗ್ಗುಗಳ ಸಾಲಿನಲ್ಲೇ ಬೇರು, ತೊಗಟೆ, ಒಣಕಾಯಿಗಳ ಗೋಣಿಚೀಲಗಳನ್ನು ಬಾಯಿ ಮಡಚಿ ತೆರೆದಿಟ್ಟ ಅಂಗಡಿಗಳಿವೆ. ನಮ್ಮ ಕಡೆ ಗ್ರಂಥಿಗೆ ಅಂಗಡಿ ಅನ್ನುತ್ತೇವಲ್ಲ, ಅದೇ. ಇಲ್ಲಿ ಒಣಸರಕು ಅಂಗಾಡಿ ಮರುನ್ನು, ಹಸಿ ಬೇರು-ಸೊಪ್ಪು ಪಚ್ಚಮರುನ್ನು.

ಅಂಥದೊಂದು ಅಂಗಡಿಯ ಮುಂದೆ ತಾಯಿ ಮಗಳು ನಿಂತಿದ್ದರು. ತಾಯಿ ವೈದ್ಯರ ಚೀಟಿ ಕೊಟ್ಟರು. ಅಂಗಡಿಯ ಹಿರಿಯರು ಅದನ್ನು ಓದುವ ಮೊದಲು ಮಗಳ ಕಡೆ ನೋಡಿ, "ಎತ್ರ ಮಾಸಮಾಯಿ ಚೇಚ್ಚೀ?", ಎಷ್ಟು ತಿಂಗಳಾಯಿತು ಅಕ್ಕಾ, ಎಂದು ತಾಯಿಯನ್ನು ಕೇಳಿದರು. "ಅಂಜು ಕಳಿಞ್ಞು" ಎಂದರು ತಾಯಿ. ಐದು ತುಂಬಿದೆ. ಅವರು ಒಳಗಿನಿಂದ ಮಣ್ಣು ಮೆತ್ತಿದ ಕುರುಂತೋಟ್ಟಿಯ ಕಟ್ಟೊಂದನ್ನು ತಂದು ಒಂದು ಬೇರನ್ನು ಉಗುರಿನಿಂದ ಗೀರಿ ತೋರಿಸಿ, ತೂಗಿ, ಪೇಪರಿನಲ್ಲಿ ಸುತ್ತಿದರು. ಸುತ್ತುತ್ತಲೇ ಹೇಳಿಕೊಟ್ಟರು: ಚೆನ್ನಾಗಿ ತೊಳೆದು, ಜಜ್ಜಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಹಾಲು ನೀರಿನಲ್ಲಿ ಇಳಿಬಿಟ್ಟು ಸಣ್ಣ ಉರಿಯಲ್ಲಿ ಬತ್ತಿಸಬೇಕು, ನೀರೆಲ್ಲ ಆರಿ ಹಾಲಷ್ಟೇ ಉಳಿದಾಗ ಗಂಟನ್ನು ಹಿಂಡಿ ತೆಗೆಯಬೇಕು. ಶಾಸ್ತ್ರದ ಕ್ರಮವೂ ಅದೇ: ಔಷಧಿ ಒಂದು ಪಾಲು, ಹಾಲು ಎಂಟು, ನೀರು ಮೂವತ್ತೆರಡು. ಕ್ಷೀರಪಾಕವೆಂದು ಅದರ ಹೆಸರು. ಸಂಸ್ಕೃತದ ಗ್ರಂಥಗಳು ಬಲಾ ಎಂದು ಕರೆಯುವ ಗಿಡವನ್ನೇ ಕೇರಳದ ವೈದ್ಯರು ಕುರುಂತೋಟ್ಟಿಯೆಂದು ಗುರುತಿಸುತ್ತಾರೆ. ವಾತಕ್ಕೆ ಮದ್ದೆಂದು ಅದರ ಮೇಲೆ ಮಲಯಾಳಿಗಳಿಗೆ ಎಷ್ಟು ಭರವಸೆಯೆಂದರೆ, ನಡೆಯಬಾರದ್ದು ನಡೆದರೆ "ಕುರುಂತೋಟ್ಟಿಗೂ ವಾತವೇ?" ಎಂದು ಗಾದೆಯನ್ನೇ ಮಾಡಿಕೊಂಡಿದ್ದಾರೆ.

ಹಾಲುಕಷಾಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರಿಗಿಂತ ಹಾಲು. ನಡುವಿನ ತಿಂಗಳುಗಳಿಗೆ ನಮ್ಮ ಹಳೆಯ ವೈದ್ಯರು ಹೇಳಿದ್ದು ಬಹುಪಾಲು ಊಟವನ್ನೇ. ನಾಲ್ಕನೇ ತಿಂಗಳಿಗೆ ಚರಕ ಸಂಹಿತೆ ಹಾಲಿನೊಡನೆ ಬೆಣ್ಣೆ ಹೇಳುತ್ತದೆ, ಐದನೆಯದಕ್ಕೆ ತುಪ್ಪ. ಸುಶ್ರುತರು ಅರವತ್ತು ದಿನಕ್ಕೆ ಬರುವ ಷಷ್ಟಿಕ ಅಕ್ಕಿಯ ಅನ್ನವನ್ನು ನಾಲ್ಕರಲ್ಲಿ ಮೊಸರಿನೊಡನೆ, ಐದರಲ್ಲಿ ಹಾಲಿನೊಡನೆ, ಆರರಲ್ಲಿ ತುಪ್ಪದೊಡನೆ ಬಡಿಸಿ ಅನ್ನುತ್ತಾರೆ. ಆರನೇ ತಿಂಗಳಿಗೆ ಬಂದಾಗ ಮಾತ್ರ ನೆಗ್ಗಿಲುಮುಳ್ಳು ಹಾಕಿ ಕಾಸಿದ ತುಪ್ಪವೋ ಗಂಜಿಯೋ ಬರುತ್ತದೆ. ಯಾಕೆ ಹೀಗೆಂಬುದಕ್ಕೆ ಚರಕದಲ್ಲಿ ಕಾರಣವೂ ಇದೆ. ಐದನೇ ತಿಂಗಳಲ್ಲಿ ಕೂಸಿನ ರಕ್ತಮಾಂಸ ಹೆಚ್ಚುತ್ತದೆ, ಅದಕ್ಕೆ ತಾಯಿ ಬಡಕಲಾಗುತ್ತಾಳೆ. ಆರನೆಯದರಲ್ಲಿ ಕೂಸಿಗೆ ಬಲ, ಬಣ್ಣ ಕೂಡುತ್ತವೆ, ತಾಯಿಯ ಬಲ, ಬಣ್ಣ ಕುಂದುತ್ತವೆ. ಬಸುರಿಯ ಮುಖವನ್ನು ದಿನವೂ ನೋಡಿದವರು ಬರೆದ ಮಾತಿದು.

ಇದೇ ಬಗೆಯ ತಿಂಗಳ ಲೆಕ್ಕ ಚೀನಾದಲ್ಲೂ ಇದೆ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಗೋರಿಯೊಂದನ್ನು 1973ರಲ್ಲಿ ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲೊಂದು ಗರ್ಭದ ಪೋಷಣೆಯದು. ನಾಲ್ಕನೇ ತಿಂಗಳಲ್ಲಿ ಗರ್ಭಕ್ಕೆ ನೀರಿನ ತತ್ತ್ವ ಸೇರಿ ರಕ್ತ ಮೂಡುತ್ತದೆ, ಅಕ್ಕಿ, ಗೋಧಿ, ಹಾವುಮೀನು ಉಣ್ಣಿಸಿ ಅನ್ನುತ್ತದೆ ಅದು. ಐದನೆಯದರಲ್ಲಿ ಬೆಂಕಿಯ ತತ್ತ್ವ. ಆರನೆಯದರಲ್ಲಿ ಬಸುರಿ ಮನೆಯೊಳಗೇ ಕೂರಬಾರದು, ಹೊಲದ ಕಡೆ ಅಡ್ಡಾಡಬೇಕು, ಓಡುವ ಕುದುರೆ, ನಾಯಿಗಳನ್ನು ನೋಡಬೇಕು. ಮುಂದೆ 7ನೇ ಶತಮಾನದಲ್ಲಿ ಸುನ್ ಸಿಮಿಯಾವೋ ಎಂಬ ದೊಡ್ಡ ವೈದ್ಯ ತನ್ನ ಗ್ರಂಥದಲ್ಲಿ ಒಂದೊಂದು ತಿಂಗಳನ್ನು ದೇಹದ ಒಂದೊಂದು ನಾಡಿಮಾರ್ಗಕ್ಕೆ ಒಪ್ಪಿಸಿದ ಕ್ರಮವನ್ನು ಸೇರಿಸಿದ. ಐದನೇ ತಿಂಗಳು ಪ್ಲೀಹದ ಮಾರ್ಗದ್ದು, ಆರನೆಯದು ಜಠರದ್ದು. ಯಾವ ಮಾರ್ಗ ಆ ತಿಂಗಳು ಕೂಸನ್ನು ಪೊರೆಯುತ್ತಿದೆಯೋ ಅದಕ್ಕೆ ಸೂಜಿ ತಾಗಿಸಬಾರದೆಂಬುದು ನಿಯಮ. ಎರಡು ನಾಗರಿಕತೆಗಳು ಒಂದನ್ನೊಂದು ನೋಡಿ ಬರೆದವು ಎಂದು ನಾನು ಹೇಳುತ್ತಿಲ್ಲ. ತತ್ತ್ವ ಬೇರೆ, ದೇವರು ಬೇರೆ, ಆದರೂ ಇಬ್ಬರೂ ನಡುತಿಂಗಳ ಹೆಣ್ಣಿಗೆ ಮೊದಲು ಕೊಟ್ಟದ್ದು ಅನ್ನ.

ಕೇರಳಕ್ಕೆ ಚೀನಾ ದೂರದ ದೇಶವೇನಲ್ಲ. ಕೊಚ್ಚಿಯ ಕಡಲಂಚಿನ ಚೀನಾ ಬಲೆ, ಅಡುಗೆಮನೆಯ ಚೀನಚಟ್ಟಿ, ಉಪ್ಪಿನಕಾಯಿಯ ಚೀನಭರಣಿ ಈಗಲೂ ಬಳಕೆಯಲ್ಲಿವೆ. ಚೀನಾದ ನೌಕಾಪತಿ ಝೆಂಗ್ ಹೆಯ ಹಡಗುಗಳೊಂದಿಗೆ 15ನೇ ಶತಮಾನದಲ್ಲಿ ಬಂದ ಮಾ ಹುವಾನ್ ಕೊಚ್ಚಿಯ ಮೆಣಸಿನ ವ್ಯಾಪಾರವನ್ನು ಬರೆದಿಟ್ಟಿದ್ದಾನೆ. ಮೆಣಸು ಹೋದ ದಾರಿಯಲ್ಲೇ ಔಷಧಿಯೂ ಬಂತು. ನಾವು ಪರಂಗಿಚಕ್ಕೆ ಅನ್ನುವ, ಮಲಯಾಳಿಗಳು ಚೀನಪ್ಪಾವು ಅನ್ನುವ ಗಡ್ಡೆ ಚೀನಾದಿಂದ ಬಂದದ್ದು. 16ನೇ ಶತಮಾನದ ವೈದ್ಯ ಭಾವಮಿಶ್ರ ಅದಕ್ಕೆ ದ್ವೀಪಾಂತರ ವಚಾ ಎಂದು ಸಂಸ್ಕೃತದ ಹೆಸರು ಕೊಟ್ಟು ಆಯುರ್ವೇದದೊಳಗೆ ಸೇರಿಸಿಕೊಂಡ. ಸೂಜಿಚಿಕಿತ್ಸೆ ಬಹಳ ತಡವಾಗಿ ಬಂತು. ನಮ್ಮ ಗಡಿಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರ ಜೊತೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ಡಾ. ಬಿಜಯ್ ಕುಮಾರ್ ಬಸು ಮುಂದೆ ಅದನ್ನು ಕಲಿತು ಕೋಲ್ಕತಾಕ್ಕೆ ತಂದರು. ಕೇಂದ್ರ ಸರ್ಕಾರ 2019ರಲ್ಲಿ ಅದಕ್ಕೆ ಸ್ವತಂತ್ರ ಚಿಕಿತ್ಸಾ ಪದ್ಧತಿಯ ಮಾನ್ಯತೆ ಕೊಟ್ಟಿದೆ. ಹೆಬ್ಬೆರಳು, ತೋರುಬೆರಳುಗಳ ನಡುವಿನ ಬಿಂದು, ಒಳಗಣಕಾಲಿನ ಮೇಲಿನ ಬಿಂದು ಇವೆರಡನ್ನೂ ಬಸುರಿಯಲ್ಲಿ ಚುಚ್ಚಬಾರದೆಂದು ಆ ಪದ್ಧತಿಯಲ್ಲಿ ಹಿಂದಿನಿಂದ ಕಲಿಸುತ್ತಾರೆ. ಬಸುರಿಯೆಂದು ಹೇಳದೆ ಸೂಜಿಗೆಂದು ಯಾರ ಮುಂದೂ ಕೈ ಚಾಚಬೇಡಿ.

ಚೀನೀ ವೈದ್ಯದಿಂದ ನಾವು ನಿಜಕ್ಕೂ ಕಲಿಯಬೇಕಾದದ್ದು ಅದರ ನಿಷೇಧದ ಪಟ್ಟಿ. ಅದರಲ್ಲಿ ಬಸುರಿಗೆ ಬೇಡವೆಂದು ಹೇಳಿರುವ ವಸ್ತುಗಳಲ್ಲೊಂದು ಹಾಂಗ್‌ಹುವಾ, ಅಂದರೆ ನಮ್ಮ ವಿಜಯಪುರ, ಕಲಬುರಗಿಯ ಹೊಲಗಳಲ್ಲಿ ಬೆಳೆಯುವ ಕುಸುಬೆಯ ಹೂವು. ರಕ್ತ ಚಲಿಸುವಂತೆ ಮಾಡುವ ಔಷಧಿಯೆಂದು ಅವರ ಎಣಿಕೆ. ಕುಸುಬೆ ಎಣ್ಣೆ ಅಡುಗೆಗೆ ಬಳಸಿದವರು ಹೆದರಬೇಕಿಲ್ಲ, ಮಾತು ಹೂವಿನದು. ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಮಗು ಕೆಂಪಗೆ ಹುಟ್ಟಲಿ ಎಂದು ಐದನೇ ತಿಂಗಳಿನಿಂದ ಕೇಸರಿ ಹಾಲು ಕುಡಿಸುತ್ತೇವೆ. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆಯೇ ಹೊರತು ಹಾಲಿನ ಬಣ್ಣದಿಂದಲ್ಲ. ಅದಿರಲಿ. ಅಗ್ಗದ ಕೇಸರಿಗೆ ಬೆರೆಸುವ ಕಲಬೆರಕೆಗಳಲ್ಲಿ ಎಲ್ಲ ಕಡೆ ಹೆಸರಾದದ್ದು ಕುಸುಬೆಯ ಎಸಳೇ. ಚೀನಾದ ವೈದ್ಯ ಯಾವುದನ್ನು ತಪ್ಪಿಸು ಅಂದನೋ ಅದನ್ನೇ ನಮ್ಮ ಅತ್ತೆ, ಅಮ್ಮಂದಿರು ಪ್ರೀತಿಯಿಂದ ಹಾಲಿಗೆ ಹಾಕುತ್ತಿರಬಹುದು.

ಪೊಟ್ಟಣದಲ್ಲಿ ಏನಿದೆ ಎನ್ನುವ ಪ್ರಶ್ನೆ ಎಷ್ಟು ದೊಡ್ಡದೆಂಬುದಕ್ಕೆ ಬೆಲ್ಜಿಯಂನ ಕಥೆ ಸಾಕು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸಿನ ಚಿಕಿತ್ಸಾಲಯವೊಂದರಲ್ಲಿ ಮೈ ಇಳಿಸಲು ಚೀನೀ ಗಿಡಮೂಲಿಕೆಯ ಗುಳಿಗೆ ತಗೊಂಡ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಕೆಟ್ಟವು. ಫಾಂಗ್ ಜಿ ಎಂಬ ಹೆಸರು ಎರಡು ಬೇರೆ ಬೇರೆ ಬೇರುಗಳಿಗಿದೆ. ಒಂದರ ಬದಲು ಇನ್ನೊಂದು, ಅರಿಸ್ಟೊಲೋಕಿಯಾ ಜಾತಿಯದು, ಗುಳಿಗೆಯೊಳಗೆ ಸೇರಿತ್ತು. ಅದೇ ಜಾತಿಯ ನಮ್ಮ ಈಶ್ವರಿ ಬಳ್ಳಿಯನ್ನು ಹಳ್ಳಿಯಲ್ಲಿ ಹಾವಿನ ವಿಷಕ್ಕೆಂದು ಬೇಲಿಗೆ ಹಬ್ಬಿಸಿಕೊಂಡಿರುತ್ತಾರೆ. ಗರ್ಭ ಇಳಿಸಲು ಬಳಸಿದ ಬಳ್ಳಿಯೆಂಬ ಹೆಸರೂ ಅದಕ್ಕಿದೆ. ಬಸುರಿಯ ಹತ್ತಿರ ಅದು ಸುಳಿಯಬಾರದು. ನಮ್ಮ ಗುಳಿಗೆಗಳೂ ಕಳಂಕ ತಪ್ಪಿಸಿಕೊಂಡಿಲ್ಲ. 2012ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರ ನ್ಯೂಯಾರ್ಕ್ ನಗರದ ಆರು ಜನ ಗರ್ಭಿಣಿಯರ ವರದಿ ಪ್ರಕಟಿಸಿತು. ಭಾರತದಲ್ಲಿ ತಯಾರಾದ ಆಯುರ್ವೇದದ ಗುಳಿಗೆಗಳಿಂದ ಅವರ ರಕ್ತದಲ್ಲಿ ಸೀಸ ಏರಿತ್ತು. ಸೀಸ ತಾಯಿಯಿಂದ ಕೂಸಿಗೆ ದಾಟುತ್ತದೆ, ಕೂಸಿನ ಮಿದುಳಿಗೆ ಕೆಡುಕು ಮಾಡುತ್ತದೆ. ಚಾಲೈಯಲ್ಲಿ ಉಗುರಿನಿಂದ ಗೀರಿ ತೋರಿಸಿದ ಬೇರಿಗೂ, ಊರು ಹೆಸರಿಲ್ಲದ ಡಬ್ಬಿಯ ಭಸ್ಮ, ಗುಳಿಗೆಗಳಿಗೂ ಇರುವ ಅಂತರವನ್ನು ನಾವು ಮರೆಯಬಾರದು.

ಹಾಗೆಂದು ಬೇರಿನ ಹಾಲು ಕುಡಿದರೆ ಎಲ್ಲವೂ ಆಯಿತೆಂದು ಕೂರುವ ಹಾಗೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇತ್ತು. ಕೇರಳದಲ್ಲಿ ಶೇ 31.4. ನಡುತಿಂಗಳುಗಳಲ್ಲಿ ತಾಯಿಯ ರಕ್ತದ ಪ್ರಮಾಣ ಏರುತ್ತದೆ, ನೀರಿನಂಶ ಕೆಂಪುಕಣಗಳಿಗಿಂತ ಬೇಗ ಏರುತ್ತದೆ, ಕೂಸೂ ಕಬ್ಬಿಣ ಎಳೆದುಕೊಳ್ಳುತ್ತದೆ. ಚರಕರು ಕಂಡ ಆರನೇ ತಿಂಗಳ ಬಣ್ಣಗುಂದಿದ ಮುಖಕ್ಕೆ ಇದೇ ಕಾರಣವಿದ್ದೀತು. ಅದಕ್ಕೇ ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೇ ತಿಂಗಳಿನಿಂದ 180 ದಿನ, ದಿನಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಟ್ಟ ಈ ಕೆಂಪು ಮಾತ್ರೆ ಎಷ್ಟೋ ಮನೆಗಳಲ್ಲಿ ಕಪಾಟಿನಲ್ಲೇ ಉಳಿಯುತ್ತದೆ. ಮಲ ಗಟ್ಟಿಯಾಗುತ್ತದೆ, ವಾಕರಿಕೆ ಬರುತ್ತದೆ, ನಿಜ. ಆದರೆ ಬಿಡುವ ಬದಲು ಸಮಯ ಬದಲಿಸಿಕೊಳ್ಳಬಹುದು, ಡಾಕ್ಟರನ್ನು ಕೇಳಬಹುದು.

ಇಲ್ಲೊಂದು ಚಿಕ್ಕ ವಿಷಯವನ್ನು ಒತ್ತಿ ಹೇಳಬೇಕು. ಹಾಲಿನ ಸುಣ್ಣದಂಶ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಬೆಳಿಗ್ಗೆ ಹಾಲುಕಷಾಯದ ಲೋಟದಲ್ಲೇ ಕಬ್ಬಿಣದ ಮಾತ್ರೆ ನುಂಗಿದರೆ ಎರಡನ್ನೂ ತಗೊಂಡೆ ಎಂಬ ಸಮಾಧಾನ ಉಳಿಯುತ್ತದೆ, ಕಬ್ಬಿಣದ ಬಹುಪಾಲು ಮೈಗೆ ಸೇರದೆ ಹೋಗುತ್ತದೆ. ಕಷಾಯ ಒಂದು ಹೊತ್ತಿಗೆ, ಕಬ್ಬಿಣ ಇನ್ನೊಂದು ಹೊತ್ತಿಗೆ, ನಡುವೆ ಎರಡು ಗಂಟೆಯಾದರೂ ಬಿಡುವು. ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕವೋ ನೆಲ್ಲಿಕಾಯಿಯೋ ಇದ್ದರೆ ಒಳ್ಳೆಯದು. ಕಾಫಿ, ಚಹಾ ಬೇಡ. ಹದಿನಾಲ್ಕನೇ ವಾರದಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯ ಜೊತೆ ತಗೊಳ್ಳಬಾರದು. ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟನೇ ವಾರದೊಳಗೆ ಗ್ಲುಕೋಸ್ ಕುಡಿಸಿ ನೋಡುವ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಲೇಬಾರದು. ಸಕ್ಕರೆ ಏರಿದವಳಿಗೆ ಬೆಲ್ಲ ಬೆರೆಸಿದ ಹಾಲುಕಷಾಯ, ಲೇಹ, ದಿನವೂ ಧಾರಾಳ ತುಪ್ಪ ಒಗ್ಗುವುದಿಲ್ಲ. ಚರಕ ಸುಶ್ರುತರ ಊಟ ಗದ್ದೆಯಲ್ಲಿ ದುಡಿದು, ಬಾವಿ ಸೇದಿ, ನಡೆದಾಡಿದ ಹೆಣ್ಣಿನ ಮೈಗೆ ಒಪ್ಪುವಂಥದ್ದು. ಕೂತು ದುಡಿಯುವ ಇವತ್ತಿನ ಮಗಳಿಗೆ ಅದರ ಅಳತೆ ಬದಲಾಗಲೇಬೇಕು.

ಪರಂಪರೆಯನ್ನು ಹೊಗಳುವಾಗ ಅದರ ಕೆಡುಕನ್ನೂ ಹೇಳಬೇಕು. ಗಂಡುಮಗು ಹುಟ್ಟಲೆಂದು ಮಾಡುವ ಪುಂಸವನದ ವಿಧಿಗಳು ಅದೇ ಗ್ರಂಥಗಳಲ್ಲಿವೆ. ಅವನ್ನು ಅಲ್ಲೇ ಬಿಡೋಣ. ಬಸುರಿ ಕೆಟ್ಟದ್ದನ್ನು ನೋಡಿದರೆ, ಸಿಟ್ಟಾದರೆ ಮಗುವಿಗೆ ದೋಷ ಎನ್ನುವ ಮಾತು ನಮ್ಮಲ್ಲೂ ಇದೆ, ಚೀನಾದಲ್ಲೂ ಇದೆ; ವೆನ್ ರಾಜನ ತಾಯಿ ತೈರೆನ್ ಗರ್ಭ ಧರಿಸಿದಾಗ ಕೆಟ್ಟದ್ದನ್ನು ನೋಡಲೂ ಇಲ್ಲ, ಕೇಳಲೂ ಇಲ್ಲ ಎಂಬ ಕಥೆಯನ್ನು ಅಲ್ಲಿ ಎರಡು ಸಾವಿರ ವರ್ಷದಿಂದ ಹೇಳುತ್ತಿದ್ದಾರೆ. ಮಗುವಿಗೆ ಏನೇ ಆದರೂ ತಾಯಿಯ ತಲೆಗೆ ಕಟ್ಟುವ ಈ ಅಭ್ಯಾಸ ಎಷ್ಟು ಹೆಣ್ಣುಮಕ್ಕಳನ್ನು ಒಳಗೊಳಗೇ ಕೊರೆದಿದೆಯೋ. ಅದೇ ಚರಕರು ಏಳನೇ ತಿಂಗಳ ಹೊಟ್ಟೆಯ ಉರಿ, ತುರಿಕೆಗೆ ಕೂಸಿನ ಕೂದಲು ಬೆಳೆಯುವುದೇ ಕಾರಣವೆಂದು ಜನ ಹೇಳುವುದನ್ನು ದಾಖಲಿಸಿ, ಹಾಗಲ್ಲವೆಂದು ಗುರು ಆತ್ರೇಯರಿಂದ ಹೇಳಿಸುತ್ತಾರೆ. ಕೇಳಿದ್ದನ್ನೆಲ್ಲ ನಂಬದ ಆ ಬುದ್ಧಿಯನ್ನು ನಾವು ಉಳಿಸಿಕೊಳ್ಳಬೇಕಾಗಿತ್ತು.

ಉಳಿಸಿಕೊಂಡದ್ದರಲ್ಲಿ ಒಳ್ಳೆಯದು ಬಯಕೆ. ನಾಲ್ಕನೇ ತಿಂಗಳಿನಿಂದ ಹೆಣ್ಣಿಗೆ ಎರಡು ಹೃದಯ, ಅವಳು ಕೇಳಿದ್ದನ್ನು ಕೊಡಿ ಎಂದರು ಸುಶ್ರುತರು. ಉತ್ತರ ಕರ್ನಾಟಕದಲ್ಲಿ ಐದು, ಏಳನೇ ತಿಂಗಳಿಗೆ ಕುಬಸ ಮಾಡುತ್ತಾರೆ, ತವರಿನಿಂದ ಬುತ್ತಿ ಬರುತ್ತದೆ. ತುಳುನಾಡಿನಲ್ಲಿ, ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಬಯಕೆಯ ಊಟ. ಮಲಯಾಳಿಗಳಲ್ಲಿ ಪುಳಿಕುಡಿ, ಬಸುರಿಗೆ ಹುಳಿ ಕುಡಿಸುವ ಶಾಸ್ತ್ರ. ನಿನಗೇನು ಬೇಕು ಎಂದು ಹೆಣ್ಣನ್ನು ಕೇಳುವ ಸಂದರ್ಭ ನಮ್ಮ ಸಂಸಾರಗಳಲ್ಲಿ ಅಪರೂಪ. ನಡುತಿಂಗಳ ಊಟ, ನಿದ್ದೆ, ನೋವು, ಗಂಡನ ಮನೆಯ ದುಡಿತ ಎಲ್ಲದರ ಬಗ್ಗೆಯೂ ತವರಿನವರು ಬಂದು ಕೇಳಿ ಹೋಗುವ ದಿನವದು. ಹಸಿರು ಬಳೆ ತೊಡಿಸುವವರು ಆ ದಿನ ಆಸ್ಪತ್ರೆಯವರು ಅವಳಿಗೆ ಕೊಟ್ಟ ತಾಯಿ ಕಾರ್ಡನ್ನೂ ಒಮ್ಮೆ ತೆರೆದು ರಕ್ತದ ಅಂಶ ಎಷ್ಟು ಬರೆದಿದೆ ಎಂದು ನೋಡಲಿ.

ಎರಡು ಬಗೆಯ ತಿಳಿವಳಿಕೆ ಒಂದೆಡೆ ಸೇರುವುದಕ್ಕೆ ತಿರುವನಂತಪುರದಲ್ಲಿ ಹಳೆಯ ಉದಾಹರಣೆಯೇ ಇದೆ. ಡಾ. ಮೇರಿ ಪುನ್ನನ್ ಲೂಕೋಸ್ ವಿಲಾಯಿತಿಯಲ್ಲಿ ಓದಿ 1916ರಲ್ಲಿ ಇಲ್ಲಿನ ತೈಕ್ಕಾಡ್ ಹೆಂಗಸರು ಮಕ್ಕಳ ಆಸ್ಪತ್ರೆಗೆ ಬಂದರು. ಹೆರಿಗೆಗೆ ಆಸ್ಪತ್ರೆಗೆ ಹೋಗುವುದೆಂದರೆ ಜನ ಹೆದರುತ್ತಿದ್ದ ಕಾಲ. ಅವರು ಊರಿನ ಸೂಲಗಿತ್ತಿಯರನ್ನು ಬೈದು ದೂರವಿಡಲಿಲ್ಲ. ಸೂಲಗಿತ್ತಿಯರ ಮಕ್ಕಳನ್ನೇ ಕರೆದು ತರಬೇತಿ ಕೊಟ್ಟರು. 1938ರಲ್ಲಿ ಅವರು ತಿರುವಾಂಕೂರಿನ ಸರ್ಜನ್ ಜನರಲ್ ಆದರು. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ಕರ್ನಾಟಕದಲ್ಲಿ 69. ಈ ಅಂತರಕ್ಕೆ ಕಾರಣ ಹಲವು, ಓದಿದ ಹೆಣ್ಣುಮಕ್ಕಳು ಅದರಲ್ಲಿ ದೊಡ್ಡದು. ಆದರೂ ಹಳಬರನ್ನು ಜೊತೆಗಿಟ್ಟುಕೊಂಡ ಆ ಡಾಕ್ಟರಮ್ಮನ ನಡೆಯನ್ನು ನಾನು ಆ ಲೆಕ್ಕದಿಂದ ಬಿಡಲಾರೆ.

ಇವತ್ತು ಅದೇ ಊರಿನಲ್ಲಿ 1889ರಲ್ಲಿ ಪಾಠಶಾಲೆಯಾಗಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜಿದೆ, ಪೂಜಪ್ಪುರದಲ್ಲಿ ಅದರ ಹೆಂಗಸರು ಮಕ್ಕಳ ಆಸ್ಪತ್ರೆಯಿದೆ, ಮೆಡಿಕಲ್ ಕಾಲೇಜಿನ ಆವರಣದಲ್ಲಿ ಇಂಗ್ಲಿಷ್ ವೈದ್ಯದ ಹೆಂಗಸರು ಮಕ್ಕಳ ಎಸ್‌ಎಟಿ ಆಸ್ಪತ್ರೆಯಿದೆ. ಎರಡೂ ಕಡೆ ಹೋಗುವ ಹೆಣ್ಣುಮಗಳು ಒಂದು ಕಡೆಯ ಚೀಟಿಯನ್ನು ಇನ್ನೊಂದು ಕಡೆ ತೋರಿಸಲು ಹಿಂಜರಿಯುತ್ತಾಳೆ, ಬೈಸಿಕೊಳ್ಳುವ ಭಯ. ನಮ್ಮ ತಾಯಿ ಕಾರ್ಡಿನಲ್ಲಿ, ಕೇರಳದವರ ಕಾರ್ಡಿನಲ್ಲಿ ಒಂದು ಸಾಲು ಇದಕ್ಕೆಂದೇ ಇರಲಿ: ಯಾವ ಕಷಾಯ, ಅದರಲ್ಲಿ ಯಾವ ಬೇರು, ಎಲ್ಲಿ ಕೊಂಡದ್ದು, ದಿನದ ಯಾವ ಹೊತ್ತಿಗೆ. ತೂಕ, ರಕ್ತದೊತ್ತಡ ಬರೆಯುವ ನರ್ಸಮ್ಮನೇ ಬೈಯದೆ ಕೇಳಿ ಅದನ್ನೂ ಬರೆದುಕೊಳ್ಳಲಿ.