ರುಜುವಾತಿನ ಹೊಣೆ ಯಾರದು?

ವೋಚರ್ ಇಲ್ಲದೆ ಒಂದು ಪೈಸೆಯನ್ನೂ ಬರೆಯಬಾರದು ಅಂತ ಕಾಮರ್ಸಿನಲ್ಲಿ ನಮಗೆ ಕಲಿಸುತ್ತಾರೆ. ಸೈನಿಕನ ಅಂಗವಿಕಲತೆಯ ಪೆನ್ಶನ್ ನಿರಾಕರಿಸುವಾಗ ಮಾತ್ರ ಈ ಪಾಠ ಯಾಕೆ ಮರೆತುಹೋಗುತ್ತದೆ? ‘ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.’ ಒಂದೇ ಸಾಲು. ಕಾರಣ ಇಲ್ಲ.

2013ರಲ್ಲಿ ಧರಂವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆಗಿನ ನಿಯಮಗಳನ್ನೇ ಎತ್ತಿ ಹೇಳಿತು: ಸೇನೆಗೆ ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ ಅದು ಸೇವೆಯಿಂದಲೇ ಬಂತೆಂದು ಎಣಿಸಬೇಕು. ಅಲ್ಲವೆಂದರೆ, ಆಗ ಯಾಕೆ ಕಾಣಲಿಲ್ಲ ಅಂತ ಡಾಕ್ಟರುಗಳು ಕಾರಣ ಬರೆಯಬೇಕು. ಸಂಶಯದ ಲಾಭ ಸೈನಿಕನಿಗೇ.

ನಮ್ಮ ಬೀದಿಯ ಕನ್ನಡದ ಹವಾಲ್ದಾರರೊಬ್ಬರು ‘ಇಲ್ಲ ಅಂದಮೇಲೆ ಮುಗೀತಲ್ಲಪ್ಪ’ ಅನ್ನುತ್ತಾರೆ. ಮುಗಿದಿಲ್ಲ. ಮೊದಲು ಇಲಾಖೆಗೇ ಮೇಲ್ಮನವಿ; ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದರ ಪೀಠ ಈ ಚೆನ್ನೈಯಲ್ಲೇ ಇದೆ. ಆದರೆ ಅವರ ಕೈಗೆ ಬಂದದ್ದು ಇಂಗ್ಲಿಷ್ ಕಾಗದ. ಕನ್ನಡ ಮಾಧ್ಯಮದಿಂದ ಬಂದ ನನಗೆ ಅದನ್ನು ಬಿಡಿಸಲು ಎರಡು ಸಂಜೆ ಹಿಡಿಯಿತು. ಅವರಿಗೆ ಯಾರು ಬಿಡಿಸಿ ಹೇಳಬೇಕು?

ಗೆಳೆಯರೇ, ಕವಿಗೋಷ್ಠಿ ಬೇಡ ಅನ್ನೋಲ್ಲ. ವಾರಕ್ಕೊಂದು ಸಂಜೆ ಇಂಥ ಕಾಗದ ಓದಿ ಹೇಳೋಣ, ಮನವಿ ಬರೆದುಕೊಡೋಣ. ಅದೂ ಕನ್ನಡದ ಕೆಲಸವೇ.